ಎಂಬತ್ತರ ಉಸಿರು, ಎವರೆಸ್ಟಿನ ಗಾಳಿ: ಯೂಇಚಿರೊ ಮಿಯುರಾ ಪ್ರಕರಣ

2019ರ ಜನವರಿ. ಅರ್ಜೆಂಟೀನಾದ ಅಕೊಂಕಾಗುವಾ ಪರ್ವತದಲ್ಲಿ, ಸುಮಾರು 6,000 ಮೀಟರ್ ಎತ್ತರದ ಶಿಬಿರದಲ್ಲಿ, 86 ವರ್ಷದ ಜಪಾನಿ ಆರೋಹಿ ಯೂಇಚಿರೊ ಮಿಯುರಾ ಗಾಳಿಯ ಅಬ್ಬರ ಇಳಿಯಲೆಂದು ಕಾಯುತ್ತಿದ್ದರು. ಶಿಖರದ ಎತ್ತರ 6,961 ಮೀಟರ್. ಅಲ್ಲಿಗೆ ಹೋಗಬಲ್ಲೆ ಎಂಬ ವಿಶ್ವಾಸ ಅವರಿಗಿತ್ತು. ಜೊತೆಗಿದ್ದ ತಂಡದ ವೈದ್ಯೆ ಬೇಡ ಎಂದರು. ಇನ್ನೂ ಮೇಲೇರಿದರೆ ಹೃದಯ ಕೈಕೊಡಬಹುದು ಎಂಬುದು ಅವರ ಆತಂಕ. ಮಗ ಗೋತಾ ಕೂಡ ತಂದೆಯ ಮನವೊಲಿಸಿದರು. ಮಿಯುರಾ ಇಳಿದರು, ಗೋತಾ ಮುಂದೆ ಹೋಗಿ ಶಿಖರ ಮುಟ್ಟಿದರು.

ವಯಸ್ಸಿಗೆ ಸೋತ ಸಾಹಸಿಯ ಕಥೆಯಾಗಿ ಇದನ್ನು ಓದುವುದು ಸುಲಭ. ನನ್ನ ಕುತೂಹಲ ಬೇರೆ. ಆ ಶಿಬಿರದಲ್ಲಿ ಒಂದೇ ದೇಹದ ಬಗ್ಗೆ ಎರಡು ತೀರ್ಪುಗಳಿದ್ದವು. ದೇಹದ ಒಡೆಯನಿಗೆ ಒಳಗಿನಿಂದ ಸಿಕ್ಕ ತೀರ್ಪು ‘ಹೋಗಬಹುದು’ ಎನ್ನುತ್ತಿತ್ತು, ಹೊರಗಿನಿಂದ ನೋಡಿದವರದು ‘ಸಾಕು’ ಎನ್ನುತ್ತಿತ್ತು. ರಕ್ತದಲ್ಲಿ ಆಮ್ಲಜನಕ ಇಳಿದಿದೆ ಎಂದು ಮಿದುಳಿಗೆ ತಿಳಿಸುವ ಅಂಗಗಳು ಮುಪ್ಪಿನಲ್ಲಿ ಏನಾಗುತ್ತವೆ, ಉಸಿರಾಟದ ಮೇಲಿನ ಹತೋಟಿ ಹೇಗೆ ಬದಲಾಗುತ್ತದೆ ಎಂದು ಕೇಳುವವರಿಗೆ ಮಿಯುರಾ ಅವರ ಪರ್ವತಜೀವನ ಒಂದು ಒಳ್ಳೆಯ ಪ್ರಕರಣ. ಎಪ್ಪತ್ತು, ಎಪ್ಪತ್ತೈದು, ಎಂಬತ್ತು, ಎಂಬತ್ತಾರು ಹೀಗೆ ನಾಲ್ಕು ವಯಸ್ಸುಗಳಲ್ಲಿ ಒಬ್ಬನೇ ಮನುಷ್ಯ ತೆಳುಗಾಳಿಗೆ ಮೈಯೊಡ್ಡಿದ ಉದಾಹರಣೆಗಳು ಹೆಚ್ಚಿಲ್ಲ.

ಆರೋಹಿಯ ಹಿನ್ನೆಲೆ

ಮಿಯುರಾ ಹುಟ್ಟಿದ್ದು 1932ರ ಅಕ್ಟೋಬರಿನಲ್ಲಿ, ಉತ್ತರ ಜಪಾನಿನ ಅವೊಮೊರಿಯಲ್ಲಿ. ತಂದೆ ಕೆಯ್ಜೊ ಹೆಸರಾಂತ ಸ್ಕೀ ಪಟು; 99ರ ವಯಸ್ಸಿನಲ್ಲಿ ಮಾಂಟ್ ಬ್ಲಾಂಕ್‌ನ ಹಿಮನದಿಯ ಮೇಲೆ ಸ್ಕೀ ಮಾಡಿ, 2006ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡವರು. ದೀರ್ಘಾಯುಷ್ಯವೂ ಹುಚ್ಚು ಧೈರ್ಯವೂ ವಂಶದಲ್ಲೇ ಇದ್ದವು. ಮಗ ಯೂಇಚಿರೊ 1970ರಲ್ಲಿ ಎವರೆಸ್ಟಿನ ಸೌತ್ ಕೋಲ್‌ನಿಂದ, ಎಂದರೆ ಸುಮಾರು 8,000 ಮೀಟರ್ ಎತ್ತರದಿಂದ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಸ್ಕೀ ಮೇಲೆ ಇಳಿದ. ಬಿದ್ದು, ಜಾರಿ, ಬದುಕುಳಿದ.

ಆಮೇಲಿನದು ನಮ್ಮೂರ ನಿವೃತ್ತರ ಕಥೆಯಂತೆಯೇ ಇದೆ. ಅರವತ್ತು ದಾಟಿದ ಮೇಲೆ ತೂಕ 80 ಕಿಲೋ ಮೀರಿತು, ರಕ್ತದೊತ್ತಡ ಏರಿತು, ಮಧುಮೇಹದ ಲಕ್ಷಣ ಕಾಣಿಸಿತು. ಸಪ್ಪೊರೊ ನಗರದ ಪಕ್ಕದ ಮೊಯ್ವಾ ಗುಡ್ಡ ಬರೀ 531 ಮೀಟರ್. ಅದನ್ನು ಹತ್ತಲೂ ಆಗದೆ ನಡುದಾರಿಯಲ್ಲಿ ನಿಂತರು. ಎಪ್ಪತ್ತಕ್ಕೆ ಎವರೆಸ್ಟ್ ಏರುತ್ತೇನೆ ಎಂಬ ಹಟ ಹುಟ್ಟಿದ್ದು ಆ ದಿನಗಳಲ್ಲಿ. ಕಣಕಾಲಿಗೆ ಭಾರ ಕಟ್ಟಿ, ಬೆನ್ನಿಗೆ ಭಾರದ ಚೀಲ ಏರಿಸಿ ಊರಲ್ಲಿ ನಡೆದರು. ಟೋಕಿಯೊದ ತಮ್ಮ ಕಚೇರಿಯಲ್ಲೇ ಕಡಿಮೆ ಆಮ್ಲಜನಕದ ಕೋಣೆಯೊಂದನ್ನು ಮಾಡಿಸಿ ಅದರಲ್ಲಿ ಅಭ್ಯಾಸ ನಡೆಸಿದರು.

2003ರ ಮೇ 22ರಂದು, 70ರಲ್ಲಿ, ಎವರೆಸ್ಟ್ ಏರಿದರು. 2008ರ ಮೇ 26ರಂದು, 75ರಲ್ಲಿ, ಮತ್ತೊಮ್ಮೆ. ಈ ಎರಡರ ನಡುವೆ ಹೃದಯದ ಬಡಿತ ಲಯ ತಪ್ಪುವ ಕಾಯಿಲೆಗೆ ಕ್ಯಾಥೆಟರ್ ಚಿಕಿತ್ಸೆ ಆಗಿತ್ತು. 2009ರಲ್ಲಿ ಸ್ಕೀ ಮಾಡುವಾಗ ಬಿದ್ದು ಸೊಂಟದ ಮೂಳೆ, ತೊಡೆಮೂಳೆ ಮುರಿದವು. 2013ರ ಆರಂಭದಲ್ಲಿ, ಹೊರಡಲು ಕೆಲವೇ ತಿಂಗಳುಗಳಿದ್ದಾಗ, ಹೃದಯಕ್ಕೆ ಇನ್ನೊಮ್ಮೆ ಚಿಕಿತ್ಸೆಯಾಯಿತು. ಅದೇ ವರ್ಷದ ಮೇ 23ರಂದು 80 ವರ್ಷದ ಮಿಯುರಾ ಮೂರನೇ ಬಾರಿ 8,848 ಮೀಟರ್ ಮೇಲೆ ನಿಂತರು.

ಕತ್ತಿನೊಳಗಿನ ಅಕ್ಕಿಕಾಳು

ತಲೆಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿ ಕತ್ತಿನ ಎರಡೂ ಬದಿಯಲ್ಲಿ ಕವಲೊಡೆಯುತ್ತದೆ. ಆ ಕವಲಿನ ಸಂದಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಅಂಗವೊಂದು ಕೂತಿದೆ. ವೈದ್ಯರು ಅದನ್ನು ಕ್ಯಾರೋಟಿಡ್ ಬಾಡಿ ಎನ್ನುತ್ತಾರೆ. ಗಾತ್ರ ಸಣ್ಣದಾದರೂ ತೂಕಕ್ಕೆ ಹೋಲಿಸಿದರೆ ಅದಕ್ಕೆ ಹರಿಯುವಷ್ಟು ರಕ್ತ ಮಿದುಳಿಗೂ ಹರಿಯುವುದಿಲ್ಲ. ಸ್ಪೇನಿನ ಫೆರ್ನಾಂಡೊ ಡಿ ಕಾಸ್ಟ್ರೊ 1920ರ ದಶಕದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದರ ನರಗಳ ಜಾಡು ಹಿಡಿದು, ಇದು ರಕ್ತದ ರುಚಿ ನೋಡುವ ಅಂಗವಿರಬೇಕು ಎಂದು ಊಹಿಸಿದರು. ಉಸಿರಾಟದ ಹತೋಟಿಯಲ್ಲಿ ಅದರ ಪಾತ್ರವನ್ನು ಪ್ರಯೋಗಗಳಿಂದ ತೋರಿಸಿದ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು.

ಅದರ ಕೆಲಸ ಹೀಗೆ ನಡೆಯುತ್ತದೆ. ಒಳಗಿನ ಗ್ಲೋಮಸ್ ಕೋಶಗಳಿಗೆ ಆಮ್ಲಜನಕ ಕಡಿಮೆಯಾದಾಗ ಅವುಗಳ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಎಟಿಪಿ ಮುಂತಾದ ಸಂದೇಶವಾಹಕಗಳು ಹೊರಬೀಳುತ್ತವೆ. ಅಲ್ಲಿಂದ ಒಂಬತ್ತನೇ ಕಪಾಲನರದ ಮೂಲಕ ಸುದ್ದಿ ಮಿದುಳುಕಾಂಡಕ್ಕೆ ತಲುಪಿ, ಉಸಿರು ಆಳವಾಗುತ್ತದೆ, ವೇಗವಾಗುತ್ತದೆ. ಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಈ ಸಂಕೇತ ಕಡಿದಾಗಿ ಏರುತ್ತದೆ. ಇಂಗಾಲದ ಡೈಆಕ್ಸೈಡನ್ನು ಮುಖ್ಯವಾಗಿ ಗಮನಿಸುವುದು ಮಿದುಳುಕಾಂಡದಲ್ಲೇ ಇರುವ ಬೇರೆ ಕೋಶಗಳು. ಸಮುದ್ರಮಟ್ಟದಲ್ಲಿ ನಮ್ಮ ಉಸಿರನ್ನು ನಡೆಸುವುದು ಬಹುಮಟ್ಟಿಗೆ ಅವೇ.

ಈ ಅಂಗವಿಲ್ಲದ ಮನುಷ್ಯ ಹೇಗಿರುತ್ತಾನೆ? ಉತ್ತರ ಸಿಕ್ಕಿದ್ದು ಒಂದು ವಿಚಿತ್ರ ಚಿಕಿತ್ಸೆಯಿಂದ, ಅದೂ ಜಪಾನಿನಲ್ಲೇ ಶುರುವಾದದ್ದು. ಕೊಮೆಯ್ ನಕಯಾಮಾ ಎಂಬ ಶಸ್ತ್ರಚಿಕಿತ್ಸಕರು 1940ರ ದಶಕದಿಂದ ಆಸ್ತಮಾ ರೋಗಿಗಳ ಕ್ಯಾರೋಟಿಡ್ ಬಾಡಿಯನ್ನು ಕತ್ತರಿಸಿ ತೆಗೆದರು. ಆಸ್ತಮಾಕ್ಕೆ ಅದರಿಂದ ಆದ ಉಪಕಾರ ಸಂಶಯಾಸ್ಪದ, ಇಂದು ಯಾರೂ ಅದನ್ನು ಮಾಡುವುದಿಲ್ಲ. ಆದರೆ ಎರಡೂ ಬದಿಯ ಅಂಗ ಕಳೆದುಕೊಂಡವರನ್ನು ಅಮೆರಿಕದಲ್ಲಿ ಪರೀಕ್ಷಿಸಿದ ಲುಗ್ಲಿಯಾನಿ, ವಿಪ್, ವಾಸರ್‌ಮನ್ ಮೊದಲಾದವರು 1971ರಲ್ಲಿ ವರದಿ ಮಾಡಿದ್ದು ಮುಖ್ಯ: ಆಮ್ಲಜನಕ ಇಳಿಸಿದರೂ ಇವರ ಉಸಿರು ಏರಲಿಲ್ಲ. ಕ್ಯಾರೋಟಿಡ್ ಧಮನಿಯ ಒಳಗಿನ ಕೊಬ್ಬಿನ ಪದರ ತೆಗೆಯುವ ಶಸ್ತ್ರಚಿಕಿತ್ಸೆ ಎರಡೂ ಬದಿಗೆ ಆದವರಲ್ಲೂ ಇಂಥದೇ ನಷ್ಟ ಕಂಡುಬಂದಿದೆ. ಆ ಕೊಬ್ಬು ಕಟ್ಟಿಕೊಳ್ಳುವ ನೆಚ್ಚಿನ ಜಾಗ ಧಮನಿ ಕವಲೊಡೆಯುವ ಅದೇ ಸಂದು ಎಂಬುದನ್ನು ನೆನಪಿಟ್ಟರೆ, ಮುಪ್ಪಿಗೂ ಈ ಅಂಗಕ್ಕೂ ಇರುವ ನಂಟು ಅರ್ಥವಾಗುತ್ತದೆ.

ಅಂಗಾಂಶದಲ್ಲಿ ಕಾಣುವ ಮುಪ್ಪು

ಬ್ರಿಟನ್ನಿನ ಡೊನಾಲ್ಡ್ ಹೀತ್ ಮತ್ತು ಸಂಗಡಿಗರು ಮರಣೋತ್ತರ ಪರೀಕ್ಷೆಗಳಲ್ಲಿ ಸಿಕ್ಕ ಕ್ಯಾರೋಟಿಡ್ ಬಾಡಿಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿ 1985ರಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ನಾರಿನ ಅಂಗಾಂಶ ಬೆಳೆಯುತ್ತದೆ. ಸಂವೇದಿಸುವ ಕೋಶಗಳಿಗಿಂತ ಅವುಗಳಿಗೆ ಒತ್ತಾಸೆಯಾಗಿರುವ ಕೋಶಗಳ ಕೈ ಮೇಲಾಗುತ್ತದೆ. ಕೆಲವರಲ್ಲಿ ಉರಿಯೂತದ ಗುರುತಾಗಿ ಬಿಳಿ ರಕ್ತಕಣಗಳು ಗುಂಪುಗೂಡಿರುತ್ತವೆ. ಮುದಿ ಇಲಿಗಳ ಮೇಲಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಗ್ಲೋಮಸ್ ಕೋಶಗಳು ಆಕ್ರಮಿಸುವ ಜಾಗ ಕುಗ್ಗುತ್ತದೆ, ಆಮ್ಲಜನಕದ ಕೊರತೆಗೆ ಪ್ರತಿಯಾಗಿ ಏಳಬೇಕಾದ ಎಚ್‌ಐಎಫ್ ಎಂಬ ಪ್ರೋಟೀನು ಎಳೆಯ ಇಲಿಗಳಲ್ಲಿ ಎದ್ದಷ್ಟು ಏಳುವುದಿಲ್ಲ. ಇದೇ ಪ್ರೋಟೀನಿನ ಕಾರ್ಯವಿಧಾನ ಬಿಡಿಸಿದ್ದಕ್ಕೆ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ 2019ರ ನೊಬೆಲ್ ಸಿಕ್ಕಿತು.

ಅಂಗಾಂಶ ನೋಡಿದವರು ಇಷ್ಟರಿಂದ ‘ಮುದುಕರಿಗೆ ಆಮ್ಲಜನಕದ ಅರಿವು ಕುಂದುತ್ತದೆ’ ಎಂದು ಮುಗಿಸಿಬಿಡಬಹುದಿತ್ತು. ಜೀವಂತ ಮನುಷ್ಯರನ್ನು ಪರೀಕ್ಷೆಗೆ ಕೂರಿಸಿದವರ ಫಲಿತಾಂಶ ಅಷ್ಟು ಸರಳವಾಗಿ ಬರಲಿಲ್ಲ.

ಹದಿನಾರು ಗಂಡಸರು, ನಾಲ್ಕು ಸಾವಿರ ಚಿಲ್ಲರೆ ಜನ

ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವ ಪ್ರಯೋಗ 1973ರದು. ಕ್ರೋನೆನ್‌ಬರ್ಗ್ ಮತ್ತು ಡ್ರೇಜ್ ಎಂಬ ಅಮೆರಿಕದ ಇಬ್ಬರು ವೈದ್ಯರು 22ರಿಂದ 30 ವರ್ಷದ ಎಂಟು ಯುವಕರನ್ನೂ 64ರಿಂದ 73 ವರ್ಷದ ಎಂಟು ಆರೋಗ್ಯವಂತ ವೃದ್ಧರನ್ನೂ ಕೂರಿಸಿ, ಅವರು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಮೆಲ್ಲಗೆ ಇಳಿಸಿದರು. ಇಂಗಾಲದ ಡೈಆಕ್ಸೈಡು ಬದಲಾಗದಂತೆ ನೋಡಿಕೊಂಡರು. ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ 40 ಮಿ.ಮೀ.ಗೆ ಇಳಿದಾಗ ಯುವಕರ ಉಸಿರಾಟ ನಿಮಿಷಕ್ಕೆ ಸುಮಾರು 40 ಲೀಟರಿನಷ್ಟು ಏರಿತು. ವೃದ್ಧರದು ಸುಮಾರು 10 ಲೀಟರಿನಷ್ಟು. ನಾಲ್ಕರಲ್ಲಿ ಒಂದು ಪಾಲು! ಡೈಆಕ್ಸೈಡ್ ಏರಿಸಿ ನೋಡಿದಾಗಲೂ ವೃದ್ಧರ ಪ್ರತಿಕ್ರಿಯೆ ಅರ್ಧದಷ್ಟೇ. ಹೃದಯದ ಬಡಿತವೂ ಅವರಲ್ಲಿ ಅಷ್ಟಾಗಿ ಏರಲಿಲ್ಲ.

ಇಷ್ಟು ದೊಡ್ಡ ವ್ಯತ್ಯಾಸ ಕಂಡರೆ ಯಾರಿಗಾದರೂ ಪಠ್ಯಪುಸ್ತಕಕ್ಕೆ ಸೇರಿಸಬೇಕೆನ್ನಿಸುತ್ತದೆ, ಸೇರಿಸಿಯೂ ಬಿಟ್ಟರು. ಆದರೆ ಇದ್ದವರು ಒಂದೊಂದು ಕಡೆ ಎಂಟೇ ಜನ, ಎಲ್ಲರೂ ಗಂಡಸರು, ಎಲ್ಲರೂ ಕುರ್ಚಿಯಲ್ಲಿ ಕೂತವರು. ಎಪ್ಪತ್ತು ದಾಟಿದವರನ್ನು ಪರೀಕ್ಷಿಸಿದ ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಸಿರಿನ ಪ್ರತಿಕ್ರಿಯೆ ಯುವಕರಷ್ಟೇ ಉಳಿದಿತ್ತು.

2012ರಲ್ಲಿ ಫ್ರಾನ್ಸಿನ ರಿಶಲೆ ಮತ್ತು ಸಂಗಡಿಗರು ಪ್ರಕಟಿಸಿದ್ದು ಇನ್ನೂ ಗೊಂದಲಕ್ಕೆ ಹಚ್ಚುವಂಥದು. ಎತ್ತರದ ಜಾಗಗಳಿಗೆ ಹೋಗುವ ಮುನ್ನ ಸಲಹೆ ಕೇಳಲು ಬಂದ 4,675 ಜನರನ್ನು ಅವರು ಇಪ್ಪತ್ತು ವರ್ಷಗಳ ಕಾಲ ಪರೀಕ್ಷಿಸಿದ್ದರು. ವಯಸ್ಸು 14ರಿಂದ 85. ವಿಶ್ರಾಂತಿಯಲ್ಲೂ ಸೈಕಲ್ ತುಳಿಸುತ್ತಲೂ ಕಡಿಮೆ ಆಮ್ಲಜನಕ ಕೊಟ್ಟರು. ಗಂಡಸರಲ್ಲಿ ವಯಸ್ಸಾದಂತೆ ಉಸಿರಿನ ಪ್ರತಿಕ್ರಿಯೆ ಹೆಚ್ಚಿತ್ತು, ರಕ್ತದ ಆಮ್ಲಜನಕ ಇಳಿದದ್ದು ಕಡಿಮೆಯೇ. ಮುಟ್ಟು ನಿಂತ ಹೆಂಗಸರಲ್ಲಿ ಈ ಲಾಭ ಅಷ್ಟಾಗಿ ಕಾಣಲಿಲ್ಲ. ಹೃದಯದ ಪ್ರತಿಕ್ರಿಯೆ ಮಾತ್ರ ಗಂಡು ಹೆಣ್ಣು ಎನ್ನದೆ ವಯಸ್ಸಿನೊಂದಿಗೆ ಕುಗ್ಗಿತ್ತು. ಮೂವತ್ತು ಜನರನ್ನು ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಮತ್ತೆ ಕರೆದು ಪರೀಕ್ಷಿಸಿದಾಗಲೂ ಇದೇ ಚಿತ್ರ. ನಿತ್ಯ ವ್ಯಾಯಾಮ ಮಾಡುವ ಹಿರಿಯರಲ್ಲಿ ಹೃದಯದ ಈ ಕುಗ್ಗುವಿಕೆ ಕಡಿಮೆಯಿತ್ತು.

ಈ ಎರಡರಲ್ಲಿ ಒಂದನ್ನು ಸುಳ್ಳೆನ್ನುವ ಅಗತ್ಯ ನನಗೆ ಕಾಣುವುದಿಲ್ಲ. 1973ರ ಪ್ರಯೋಗದಲ್ಲಿ ಡೈಆಕ್ಸೈಡನ್ನು ಕಟ್ಟಿಹಾಕಲಾಗಿತ್ತು, ಜನ ಕೂತಿದ್ದರು. ಫ್ರಾನ್ಸಿನದು ಬೆವರು ಹರಿಯುತ್ತಿದ್ದ ದೇಹಗಳ ಲೆಕ್ಕವೂ ಹೌದು. ಅಲ್ಲದೆ ಬೆಟ್ಟಕ್ಕೆ ಹೊರಟು ವೈದ್ಯರ ಬಾಗಿಲು ತಟ್ಟುವ ಎಪ್ಪತ್ತರ ವ್ಯಕ್ತಿ ತನ್ನ ಓರಗೆಯವರ ನಡುವೆ ಸಾಮಾನ್ಯನಲ್ಲ. ಎದೆಗೂಡು ಬಿಗಿಯಾಗಿ, ಉಸಿರಾಟದ ಸ್ನಾಯುಗಳು ಸೊರಗಿದ ವೃದ್ಧನಲ್ಲಿ ಕತ್ತಿನ ಅಂಗ ಸರಿಯಾಗಿಯೇ ಕೂಗಿದರೂ ಎದೆ ಅಷ್ಟು ಗಾಳಿ ಎಳೆಯದಿರಬಹುದು. ಆಗ ಅಳತೆಗೋಲಿನಲ್ಲಿ ಕಾಣುವುದು ಕಿವುಡಲ್ಲ, ಬಿಗಿತ. ಎರಡೂ ಅಧ್ಯಯನಗಳು ಒಪ್ಪುವ ಅಂಶವೊಂದಿದೆ, ಅದು ಹೃದಯದ್ದು. ಆಮ್ಲಜನಕ ಇಳಿದಾಗ ಬಡಿತವನ್ನು ಏರಿಸುವ ಶಕ್ತಿ ಮುಪ್ಪಿನಲ್ಲಿ ನಿಶ್ಚಯವಾಗಿ ಕುಂದುತ್ತದೆ. ಮಿಯುರಾ ಅವರ ವಿಷಯದಲ್ಲಿ ವೈದ್ಯೆ ಹೆದರಿದ್ದೂ ಹೃದಯದ ಬಗ್ಗೆಯೇ.

ಅರಿವು ಮತ್ತು ಏದುಸಿರು ಬೇರೆ ಬೇರೆ

ಇಲ್ಲಿ ಇನ್ನೊಂದು ಎಳೆ ಬಿಡಿಸಬೇಕು. ಉಸಿರು ಏರುವುದು ಒಂದು, ‘ನನಗೆ ಉಸಿರು ಸಾಲುತ್ತಿಲ್ಲ’ ಎಂದು ಮನಸ್ಸಿಗೆ ಅನ್ನಿಸುವುದು ಇನ್ನೊಂದು. ಎರಡನೆಯದಕ್ಕೆ ಡೈಆಕ್ಸೈಡ್ ಏರಿಕೆ ಬಲವಾದ ಪ್ರಚೋದನೆ. ಆಮ್ಲಜನಕದ ಇಳಿಕೆ ಒಂದೇ ಆದರೆ ಅಷ್ಟು ಬಲವಿಲ್ಲ. ಎತ್ತರದಲ್ಲಿ ಜೋರಾಗಿ ಉಸಿರಾಡುವವನ ರಕ್ತದಿಂದ ಡೈಆಕ್ಸೈಡ್ ತೊಳೆದುಹೋಗುತ್ತದೆ. ಹಾಗಾಗಿ ಅವನ ರಕ್ತದಲ್ಲಿ ಆಮ್ಲಜನಕ ಅಪಾಯಕ್ಕಿಳಿದರೂ ಅವನಿಗೆ ಆ ಮಟ್ಟದ ಹಿಂಸೆ ಆಗದಿರಬಹುದು. ಕೋವಿಡ್ ಮೊದಲ ಅಲೆಯಲ್ಲಿ ಆಕ್ಸಿಮೀಟರಿನ ಅಂಕಿ 80ರ ಆಸುಪಾಸಿನಲ್ಲಿದ್ದರೂ ಮೊಬೈಲಿನಲ್ಲಿ ಮಾತಾಡುತ್ತ ಕೂತಿದ್ದ ರೋಗಿಗಳನ್ನು ಕಂಡು ವೈದ್ಯರು ಬೆಚ್ಚಿದ್ದು ಇದರಿಂದಲೇ.

ವಯಸ್ಸು ಈ ಅನ್ನಿಸಿಕೆಯನ್ನೂ ಮಂಕು ಮಾಡುತ್ತದೆ. ಔಷಧ ಕೊಟ್ಟು ಶ್ವಾಸನಾಳಗಳನ್ನು ಒಂದೇ ಪ್ರಮಾಣದಲ್ಲಿ ಸಂಕುಚಿಸಿದಾಗ ವೃದ್ಧರು ಯುವಕರಿಗಿಂತ ಕಡಿಮೆ ತೊಂದರೆ ಹೇಳಿಕೊಂಡರು ಎಂದು 1992ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ವರದಿಯಾಗಿದೆ. ಸಮುದ್ರಮಟ್ಟದಲ್ಲಿ ಕೂಡ ವೃದ್ಧರ ರಕ್ತದಲ್ಲಿ ಆಮ್ಲಜನಕದ ಒತ್ತಡ ಸ್ವಲ್ಪ ಕೆಳಗೇ ಇರುತ್ತದೆ. 1968ರಲ್ಲಿ ಸೊರ್ಬಿನಿ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ, 109ರಿಂದ ವಯಸ್ಸಿನ 0.43 ಪಾಲನ್ನು ಕಳೆಯಬೇಕು. ಇಪ್ಪತ್ತಕ್ಕೆ 100, ಎಂಬತ್ತಕ್ಕೆ 75. ಎಪ್ಪತ್ತೈದರ ನಂತರ ಇಳಿಕೆ ಹೆಚ್ಚುಕಡಿಮೆ ನಿಂತುಬಿಡುತ್ತದೆ ಎನ್ನುವವರೂ ಇದ್ದಾರೆ. ಏನೇ ಇರಲಿ, ಹಿರಿಯರು ಬೆಟ್ಟ ಹತ್ತಲು ಆರಂಭಿಸುವುದು ಒಂದು ಮೆಟ್ಟಿಲು ಕೆಳಗಿನಿಂದ.

ಈ ಮಂದತನಕ್ಕೆ ಒಂದು ಸಣ್ಣ ಲಾಭವೂ ಇದೆ. ಎತ್ತರದಲ್ಲಿ ನಿದ್ರಿಸುವಾಗ ಚುರುಕು ಕ್ಯಾರೋಟಿಡ್ ಬಾಡಿ ಇರುವವರಿಗೆ ಉಸಿರು ಜೋರಾಗಿ, ಆಮೇಲೆ ಕೆಲವು ಸೆಕೆಂಡು ನಿಂತು, ಮತ್ತೆ ಜೋರಾಗುವ ಚಕ್ರ ಶುರುವಾಗುತ್ತದೆ. ಆಗಾಗ ಬೆಚ್ಚಿ ಏಳುತ್ತಾರೆ. ಬಂಗಾಳ ಮೂಲದ ಸುಖಮಯ ಲಾಹಿರಿ ಕ್ಯಾರೋಟಿಡ್ ಬಾಡಿಯ ಅಧ್ಯಯನಕ್ಕೆ ಬದುಕನ್ನೇ ಮುಡಿಪಿಟ್ಟ ಶರೀರವಿಜ್ಞಾನಿ. 1960–61ರಲ್ಲಿ ಎಡ್ಮಂಡ್ ಹಿಲರಿ ನೇತೃತ್ವದ ಹಿಮಾಲಯದ ವೈಜ್ಞಾನಿಕ ತಂಡದಲ್ಲೂ 1981ರ ಅಮೆರಿಕನ್ ಎವರೆಸ್ಟ್ ಸಂಶೋಧನಾ ತಂಡದಲ್ಲೂ ಇದ್ದ ಅವರು, ಶೆರ್ಪಾಗಳ ಉಸಿರು ಆಮ್ಲಜನಕದ ಇಳಿಕೆಗೆ ಬಯಲುಸೀಮೆಯವರಷ್ಟು ಎಗರಾಡುವುದಿಲ್ಲ ಎಂದು ಗುರುತಿಸಿದವರಲ್ಲಿ ಒಬ್ಬರು. ಶೆರ್ಪಾನ ಶಾಂತ ಉಸಿರಿಗೆ ತಲೆಮಾರುಗಳಿಂದ ಬಂದ ಬೇರೆ ಹೊಂದಾಣಿಕೆಗಳ ಬೆಂಬಲವಿದೆ. ಮುದುಕನ ಶಾಂತ ಉಸಿರಿಗೆ ಅದಿಲ್ಲ.

ಎಂಬತ್ತರಲ್ಲಿ ಎವರೆಸ್ಟ್

ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡವನ್ನು 1981ರಲ್ಲಿ ಮೊದಲ ಬಾರಿ ಅಳೆದಾಗ 253 ಮಿ.ಮೀ. ಸಿಕ್ಕಿತು, ಸಮುದ್ರಮಟ್ಟದ 760ರ ಮೂರರಲ್ಲಿ ಒಂದು ಪಾಲು. 2007ರಲ್ಲಿ ಬ್ರಿಟಿಷ್ ವೈದ್ಯರ ತಂಡವೊಂದು 8,400 ಮೀಟರಿನಲ್ಲಿ, ಸಿಲಿಂಡರ್ ಆಮ್ಲಜನಕ ಬಿಟ್ಟು, ನಾಲ್ವರ ತೊಡೆಯ ಧಮನಿಯಿಂದ ರಕ್ತ ತೆಗೆಯಿತು. ಆಮ್ಲಜನಕದ ಒತ್ತಡದ ಸರಾಸರಿ 24.6 ಮಿ.ಮೀ., ಒಬ್ಬರದು 19.1. ಆಸ್ಪತ್ರೆಯಲ್ಲಿ ಆ ಅಂಕಿ ಕಂಡರೆ ಮಾನಿಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅವರು ಪಳಗಿದ ಆರೋಹಿಗಳು, ಮಿಯುರಾ ಅವರಿಗಿಂತ ಎಷ್ಟೋ ಕಿರಿಯರು.

ಮಿಯುರಾ ತಂಡ ಮಾಡಿದ ಯೋಜನೆ ನನಗೆ ಶಿಖರಕ್ಕಿಂತ ಹೆಚ್ಚು ಮೆಚ್ಚುಗೆಯಾಗುತ್ತದೆ. ಬೇರೆಯವರು ಒಂದು ದಿನದಲ್ಲಿ ನಡೆಯುವ ದಾರಿಯನ್ನು ಅವರು ಎರಡು ದಿನಕ್ಕೆ ಹಂಚಿದರು. ಅರ್ಧ ದಿನ ನಡಿಗೆ, ಉಳಿದರ್ಧ ದಿನ ವಿಶ್ರಾಂತಿ. ಸಾಮಾನ್ಯವಾಗಿ ಆರೋಹಿಗಳು ಸೌತ್ ಕೋಲ್‌ನಿಂದ ರಾತ್ರಿ ಹೊರಟು ಒಂದೇ ಓಟಕ್ಕೆ ಶಿಖರ ಮುಟ್ಟಿ ಮರಳುತ್ತಾರೆ. ಇವರು 8,500 ಮೀಟರಿನಲ್ಲಿ ಇನ್ನೊಂದು ಶಿಬಿರ ಹೂಡಿ ಅಲ್ಲಿ ರಾತ್ರಿ ಕಳೆದರು. ಮೇಲ್ನೋಟಕ್ಕೆ ಇದು ತಲೆಕೆಟ್ಟವರ ಕೆಲಸ, ಅಷ್ಟು ಎತ್ತರದಲ್ಲಿ ಮಲಗುವುದೆಂದರೆ ದೇಹ ಸವೆಯುವುದೇ. ಆದರೆ ಬಡಿತವನ್ನು ಬೇಕೆಂದಷ್ಟು ಏರಿಸಲಾಗದ ಹೃದಯಕ್ಕೆ ದೀರ್ಘ ಓಟಕ್ಕಿಂತ ತುಂಡು ತುಂಡು ನಡಿಗೆ ಲೇಸು. ಸಿಲಿಂಡರಿನ ಆಮ್ಲಜನಕ ಜೊತೆಗಿದ್ದುದರಿಂದ ಅವರ ಶ್ವಾಸಕೋಶ ಕಂಡ ಎತ್ತರ ನಕ್ಷೆಯಲ್ಲಿನ ಎತ್ತರಕ್ಕಿಂತ ಎಷ್ಟೋ ಕಡಿಮೆ. ಕತ್ತಿನ ಅಂಗ ಕೂಗಲಿ ಬಿಡಲಿ, ಅದು ಕೂಗಬೇಕಾದ ಸಂದರ್ಭವೇ ಬರದಂತೆ ನೋಡಿಕೊಂಡಿದ್ದರು. ಅಷ್ಟು ಎತ್ತರದ ಆ ಶಿಬಿರದಲ್ಲಿ ಸುಶಿ ಸುತ್ತಿಕೊಂಡು ತಿಂದು, ಜಪಾನಿ ಪದ್ಧತಿಯ ಚಹಾ ಕುಡಿದರಂತೆ. ಜೀರಿಗೆ ಅನ್ನವೂ ಇಳಿಯದ ಎತ್ತರದಲ್ಲಿ ಇದು ಅಲ್ಪ ಸಂಗತಿಯಲ್ಲ.

ಶಿಖರದಲ್ಲಿ ಮಾತಿಗೂ ಚಿತ್ರಕ್ಕೂ ಮಿಯುರಾ ಮಾಸ್ಕ್ ತೆಗೆದರು. ಇಳಿಯುವಾಗ ಕಾಲಿನ ಬಲ ಉಡುಗಿತು, ನೀರಿನಂಶವೂ ಇಳಿದಿತ್ತು. ಹಗ್ಗ ಹಿಡಿದವರ ಆಸರೆಯಲ್ಲಿ ಎರಡನೇ ಶಿಬಿರದವರೆಗೆ ಬಂದು, ಸುಮಾರು 6,500 ಮೀಟರಿನಿಂದ ಹೆಲಿಕಾಪ್ಟರಿನಲ್ಲಿ ಹೊರಟರು. ಪೂರ್ತಿ ನಡೆದು ಇಳಿಯಲಿಲ್ಲ ಎಂದು ಮೂಗು ಮುರಿದವರಿದ್ದಾರೆ. ದಾಖಲೆಯ ಶುದ್ಧಿ ಅವರಿಗೆ ಮುಖ್ಯವಿರಬಹುದು. ಪ್ರಕರಣವಾಗಿ ನೋಡಿದರೆ, ಎಂಬತ್ತರ ದೇಹದಲ್ಲಿ ಮೀಸಲು ಶಕ್ತಿ ಎಷ್ಟು ತೆಳು ಎಂಬುದಕ್ಕೆ ಆ ಇಳಿಜಾರೇ ಸಾಕ್ಷಿ: ಸ್ವಲ್ಪ ಹೊತ್ತು ಆಮ್ಲಜನಕದ ಆಸರೆ ತಪ್ಪಿದರೆ ಅದನ್ನು ತುಂಬಿಕೊಳ್ಳಲು ದಿನಗಟ್ಟಲೆ ಬೇಕು. 1990ರಿಂದ 2005ರವರೆಗಿನ ಎವರೆಸ್ಟ್ ಆರೋಹಿಗಳ ಲೆಕ್ಕ ಹಾಕಿದ ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು, ಒಟ್ಟಾರೆ ಸಾವಿನ ಪ್ರಮಾಣ ಶೇ 1.5ರಷ್ಟಿದ್ದರೆ ಅರವತ್ತು ದಾಟಿದವರಲ್ಲಿ ಅದು ಶೇ 5ರಷ್ಟು ಎಂದು ಕಂಡುಕೊಂಡರು. ಅರವತ್ತು ದಾಟಿದವರ ಸಂಖ್ಯೆಯೇ ಸಣ್ಣದಾದ್ದರಿಂದ ಆ ಶೇ 5ನ್ನು ಅಕ್ಷರಶಃ ಹಿಡಿಯಬಾರದು, ದಿಕ್ಕು ಮಾತ್ರ ಸ್ಪಷ್ಟ.

ಮಿಯುರಾ ಅವರೊಂದಿಗೆ ಸದಾ ನೆನಪಾಗುವ ಇನ್ನೊಬ್ಬರು ನೇಪಾಳದ ಮಿನ್ ಬಹಾದುರ್ ಶೇರ್ಚನ್, ಒಂದು ಕಾಲದ ಗೂರ್ಖಾ ಸೈನಿಕ. 2008ರಲ್ಲಿ, ಮಿಯುರಾ ಅವರಿಗಿಂತ ಒಂದೇ ದಿನ ಮೊದಲು, 76ರಲ್ಲಿ ಶಿಖರ ಏರಿ ಅತ್ಯಂತ ಹಿರಿಯ ಆರೋಹಿ ಎನ್ನಿಸಿಕೊಂಡವರು. ಆ ದಾಖಲೆ 2013ರಲ್ಲಿ ಮಿಯುರಾ ಪಾಲಾಯಿತು. ಅದನ್ನು ಮರಳಿ ಪಡೆಯಲೆಂದು 2017ರಲ್ಲಿ 85ನೇ ವಯಸ್ಸಿನಲ್ಲಿ ಹೊರಟ ಶೇರ್ಚನ್ ಮೇ 6ರಂದು ಬೇಸ್ ಕ್ಯಾಂಪಿನಲ್ಲೇ ಕೊನೆಯುಸಿರೆಳೆದರು. ಹೃದಯ ನಿಂತಿರಬೇಕು ಎಂದು ವರದಿಗಳು ಹೇಳಿದವು. ಬೇಸ್ ಕ್ಯಾಂಪ್ ಇರುವುದು 5,300 ಮೀಟರ್ ಚಿಲ್ಲರೆ ಎತ್ತರದಲ್ಲಿ, ಹತ್ತುವ ಕೆಲಸ ಇನ್ನೂ ಶುರುವಾಗುವ ಜಾಗದಲ್ಲಿ.

ಹಾಗೆ ನೋಡಿದರೆ ಅಕೊಂಕಾಗುವಾದ ವೈದ್ಯೆಯ ಮಾತಿನ ತೂಕ ತಿಳಿಯುತ್ತದೆ. ಆ ಶಿಬಿರ ಬೇಸ್ ಕ್ಯಾಂಪಿಗಿಂತ ಸುಮಾರು 700 ಮೀಟರ್ ಮೇಲಿತ್ತು, ಮಿಯುರಾ ಅವರ ವಯಸ್ಸು ಶೇರ್ಚನ್ ತೀರಿಕೊಂಡ ವಯಸ್ಸಿಗಿಂತ ಒಂದು ವರ್ಷ ಹೆಚ್ಚು, ಹೃದಯಕ್ಕೆ ಹಲವು ಬಾರಿ ಚಿಕಿತ್ಸೆಯಾಗಿತ್ತು. ‘ಹೋಗಬಲ್ಲೆ’ ಎಂಬ ಅವರ ಅನ್ನಿಸಿಕೆ ಸುಳ್ಳಾಗಿರಲಿಲ್ಲ, ಆದರೆ ಅದನ್ನು ಹುಟ್ಟಿಸುವ ಸಲಕರಣೆಯೇ ಹಳೆಯದಾಗಿತ್ತು. ಎಪ್ಪತ್ತರಿಂದ ಎಂಬತ್ತಾರರವರೆಗೆ ಮಿಯುರಾ ಅವರನ್ನು ಕಾಪಾಡಿದ್ದು ಛಲ ಎಂದು ಹೇಳುವವರಿಗೆ ನನ್ನ ತಕರಾರಿದೆ. ತನ್ನ ದೇಹದ ಬಗ್ಗೆ ಕೊನೆಯ ತೀರ್ಪು ಕೊಡುವ ಅಧಿಕಾರವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದು, ಬೇಡ ಎಂದಾಗ ಅದನ್ನು ಪಾಲಿಸಿದ್ದು, ಅವರನ್ನು ಉಳಿಸಿತು. ಛಲ ಶೇರ್ಚನ್ ಅವರಲ್ಲೂ ಕಡಿಮೆ ಇರಲಿಲ್ಲ.

ಕೇದಾರಕ್ಕೆ ಹೊರಟವರು

ಎವರೆಸ್ಟಿನ ಮಾತು ನಮಗೇಕೆ ಎನ್ನುವಂತಿಲ್ಲ. ಕರ್ನಾಟಕದಿಂದ ಪ್ರತಿ ಬೇಸಿಗೆಯಲ್ಲಿ ಚಾರ್‌ಧಾಮಕ್ಕೆ ಹೊರಡುವವರಲ್ಲಿ ಅರವತ್ತು, ಎಪ್ಪತ್ತು ದಾಟಿದವರೇ ಬಹಳ. ಮುಜರಾಯಿ ಇಲಾಖೆಯ ಸಹಾಯಧನವೂ ಇದೆ. ಅಮರನಾಥ ಯಾತ್ರೆಗೆ ನೋಂದಾಯಿಸಲು 70 ವರ್ಷದ ಮಿತಿಯೂ ವೈದ್ಯಕೀಯ ಪ್ರಮಾಣಪತ್ರದ ಕಡ್ಡಾಯವೂ ಇವೆ, ಸರ್ಕಾರ ನಡೆಸುವ ಕೈಲಾಸ–ಮಾನಸಸರೋವರ ಯಾತ್ರೆಗೂ 70ರ ಮಿತಿ. ಕೇದಾರಕ್ಕೆ ಅಂಥ ಮೇಲ್ಮಿತಿಯಿಲ್ಲ. ಗೌರಿಕುಂಡ ಸುಮಾರು 2,000 ಮೀಟರ್, ದೇವಸ್ಥಾನ ಸುಮಾರು 3,580. ನಡೆದೋ ಕುದುರೆಯ ಮೇಲೋ ಒಂದೇ ದಿನದಲ್ಲಿ ಹತ್ತುತ್ತಾರೆ, ಹೆಲಿಕಾಪ್ಟರಾದರೆ ಕೆಲವೇ ನಿಮಿಷ. ಮೊಣಕಾಲಿಗೆ ಹೆಲಿಕಾಪ್ಟರ್ ವರವೇ. ಆದರೆ ಕ್ಯಾರೋಟಿಡ್ ಬಾಡಿ ಎತ್ತರಕ್ಕೆ ಒಗ್ಗಿಕೊಂಡು ಉಸಿರನ್ನು ಹೆಚ್ಚಿಸಲು ದಿನಗಳು ಬೇಕು, ನಿಮಿಷಗಳಲ್ಲಿ ಅದು ಆಗುವುದಿಲ್ಲ.

ಇಂಥ ಪಯಣದಲ್ಲಿ ಅಜ್ಜನನ್ನು ‘ಉಸಿರು ಕಟ್ಟುತ್ತಿದೆಯಾ’ ಎಂದು ಕೇಳಿ, ‘ಏನೂ ಇಲ್ಲಪ್ಪ, ನಡೆ’ ಎಂಬ ಉತ್ತರ ಕೇಳಿ ಸಮಾಧಾನಪಟ್ಟುಕೊಳ್ಳುವುದು ಸಾಲದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಜೊತೆಗಿರಲಿ. 3,500 ಮೀಟರಿನಲ್ಲಿ ಆರೋಗ್ಯವಂತರಲ್ಲೂ ಅಂಕಿ 90ರ ಕೆಳಗಿಳಿಯುವುದು ಸಾಮಾನ್ಯ, ಆದ್ದರಿಂದ ಒಂದು ಅಂಕಿಗೆ ಗಾಬರಿಯಾಗಬೇಕಿಲ್ಲ. ಜೊತೆಯವರೆಲ್ಲ 88 ತೋರಿಸುವಾಗ ಅವರೊಬ್ಬರದು 76 ಇದ್ದರೆ, ಅಥವಾ ಕೂತು ವಿಶ್ರಮಿಸಿದರೂ ಏರದಿದ್ದರೆ, ಮಾತು ತೊದಲಿದರೆ, ನಡಿಗೆ ಓಲಾಡಿದರೆ ದರ್ಶನ ಆಮೇಲೆ, ಇಳಿಯುವುದು ಮೊದಲು. ತಣ್ಣಗಾದ ಬೆರಳು, ಉಗುರುಬಣ್ಣ, ಗಾಢ ಮದರಂಗಿ ಇದ್ದರೆ ಯಂತ್ರ ತಪ್ಪು ಹೇಳಬಹುದು. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೊಂದು ಬೆರಳಿಗೆ ಹಾಕಿ ನೋಡಬೇಕು. ರಾತ್ರಿ ನಿದ್ರೆ ಬರಲಿಲ್ಲವೆಂದು ಅಲ್ಲಿ ನಿದ್ರೆಮಾತ್ರೆ ಕೊಡಬಾರದು, ಕೆಲವು ಮಾತ್ರೆಗಳು ಉಳಿದಿರುವ ಉಸಿರಿನ ಪ್ರತಿಕ್ರಿಯೆಯನ್ನೂ ಅಡಗಿಸುತ್ತವೆ. ಬಿ.ಪಿ.ಗೆಂದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರ ನಾಡಿ ಎತ್ತರದಲ್ಲೂ ನಿಧಾನವಾಗಿಯೇ ಇರಬಹುದು, ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಬಾರದು, ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ಮತ್ತು ಯಾರು ‘ಸಾಕು’ ಎಂದರೆ ಅಜ್ಜ ಕೇಳುತ್ತಾರೋ ಅವರನ್ನು ಊರಲ್ಲೇ ಗೊತ್ತುಮಾಡಿಕೊಂಡು ಹೊರಡಬೇಕು: ಮಗಳೋ, ತಂಡದ ಮುಖಂಡನೋ, ಯಾರಾದರೂ ಸರಿ.